ಒಂದೇ ಹುಣ್ಣಿಮೆ, ಐದು ಹಬ್ಬ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಿಂದ ಬಂದರು ನಗರ ಬುಸಾನ್‌ಗೆ ಕಾರಿನಲ್ಲಿ ನಾಲ್ಕೈದು ತಾಸಿನ ದಾರಿ. ವರ್ಷಕ್ಕೆ ಎರಡು ಸಲ ಮಾತ್ರ ಈ ಲೆಕ್ಕ ತಪ್ಪುತ್ತದೆ. ಎಂಟು, ಹತ್ತು ತಾಸು ಹೆದ್ದಾರಿಯಲ್ಲೇ ಕಳೆದುಹೋಗುತ್ತದೆ. ರೈಲಿನ ಟಿಕೆಟ್‌ಗಳು ಬುಕಿಂಗ್ ತೆರೆದ ಸ್ವಲ್ಪ ಹೊತ್ತಿಗೇ ಖಾಲಿ. ಮೊದಲ ಸಲ ಈ ಗದ್ದಲ ಚಾಂದ್ರಮಾನದ ಹೊಸ ವರ್ಷಕ್ಕೆ; ಎರಡನೆಯ ಸಲ, ಎಂಟನೆಯ ತಿಂಗಳ ಹುಣ್ಣಿಮೆಗೆ ಬರುವ ಸುಗ್ಗಿ ಹಬ್ಬ ಚುಸೊಕ್‌ಗೆ. ಮೂರು ದಿನ ದೇಶಕ್ಕೆ ದೇಶವೇ ಊರಿಗೆ ಹೊರಟಿರುತ್ತದೆ.

ಅದೇ ಹುಣ್ಣಿಮೆಯ ದಿನ ಕಡಲಾಚೆಯ ಜಪಾನಿನಲ್ಲಿ ಕಚೇರಿ, ಶಾಲೆ ಎಲ್ಲ ಎಂದಿನಂತೆ ನಡೆಯುತ್ತವೆ. ಸಂಜೆ ಮನೆಗೆ ಹೋಗುವವರು ದಾರಿಯಲ್ಲಿ ಅಕ್ಕಿ ಹಿಟ್ಟಿನ ಉಂಡೆಗಳ ಪೊಟ್ಟಣವೊಂದನ್ನು ಕೊಂಡು, ಬಾಲ್ಕನಿಯಿಂದ ಚಂದ್ರನನ್ನು ನೋಡಿದರೆ ಹಬ್ಬ ಮುಗಿಯಿತು. ಚೀನಾದಲ್ಲಿ ಮನೆಮಂದಿ ಒಟ್ಟಿಗೆ ಕೂತು ಗುಂಡನೆಯ ಸಿಹಿ ಬಿಲ್ಲೆಯನ್ನು ಹೋಳು ಮಾಡಿ ಹಂಚಿಕೊಳ್ಳುತ್ತಾರೆ. ವಿಯೆಟ್ನಾಮಿನಲ್ಲಿ ಮಕ್ಕಳು ಕಾಗದದ ದೀಪ ಹಿಡಿದು ಬೀದಿಗಿಳಿಯುತ್ತಾರೆ. ಉತ್ತರ ಕೊರಿಯಾದಲ್ಲಿ ಜನ ಹತ್ತಿರದ ಗುಡ್ಡದಲ್ಲಿರುವ ಹಿರಿಯರ ಸಮಾಧಿಗೆ ಹೋಗಿ, ಸಂಜೆಯೊಳಗೆ ಮರಳಿ, ಮರುದಿನ ಕೆಲಸಕ್ಕೆ ಹಾಜರಾಗುತ್ತಾರೆ.

ಚಂದ್ರ ಒಂದೇ, ಹೊಲದಲ್ಲಿರುವ ಭತ್ತವೂ ಒಂದೇ. ಈ ಎಲ್ಲ ನಾಡುಗಳು ಶತಮಾನಗಳ ಕಾಲ ಬಳಸಿದ್ದು ಚೀನೀ ಮೂಲದ ಒಂದೇ ಬಗೆಯ ಪಂಚಾಂಗವನ್ನು. ಹಾಗಿದ್ದೂ ಹಬ್ಬ ಇಷ್ಟೊಂದು ಬೇರೆ ಬೇರೆ ಆಗಿದ್ದು ಹೇಗೆ? ಆಯಾ ಜನರ ಪುರಾತನ ಸಂಪ್ರದಾಯ ಹಾಗಿದೆ ಎಂದರೆ ಅರ್ಧ ಉತ್ತರ ಸಿಕ್ಕಂತಾಯಿತು. ಉಳಿದರ್ಧ ಇರುವುದು ಕಳೆದ ನೂರೈವತ್ತು ವರ್ಷಗಳ ಸರ್ಕಾರಿ ಆದೇಶಗಳಲ್ಲಿ. ಯಾವ ಪಂಚಾಂಗ ಇಟ್ಟುಕೊಳ್ಳಬೇಕು, ಯಾವುದಕ್ಕೆ ರಜೆ ಕೊಡಬೇಕು, ಯಾವ ಆಚರಣೆ ಮೂಢನಂಬಿಕೆ, ಯಾವುದು ರಾಷ್ಟ್ರೀಯ ಪರಂಪರೆ ಎಂಬ ತೀರ್ಮಾನಗಳು ಒಂದೇ ಹಬ್ಬವನ್ನು ಐದು ದಿಕ್ಕಿಗೆ ಎಳೆದುಕೊಂಡು ಹೋಗಿವೆ.

ಮೊದಲು ದಿನದ ಲೆಕ್ಕ. ಎಂಟನೆಯ ಚಾಂದ್ರ ಮಾಸದ ಹದಿನೈದನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್ ಎರಡನೆಯ ವಾರದಿಂದ ಅಕ್ಟೋಬರ್ ಮೊದಲ ವಾರದೊಳಗೆ ಎಲ್ಲಾದರೂ ಬೀಳುತ್ತದೆ. ಮಳೆಗಾಲ ಹಿಂದೆ ಸರಿದು ಆಕಾಶ ತಿಳಿಯಾಗುವ ಹೊತ್ತು. ಭತ್ತ ಕೆಲವೆಡೆ ಕೊಯ್ಲಿಗೆ ಬಂದಿರುತ್ತದೆ, ಕೆಲವೆಡೆ ಇನ್ನೂ ಹಾಲು ತುಂಬುತ್ತಿರುತ್ತದೆ.

ಕರ್ನಾಟಕದ ರೈತರಿಗೂ ಈ ಕಾಲದ ಹುಣ್ಣಿಮೆ ಬೇಕಾದದ್ದೇ. ಆಶ್ವಯುಜ ಮಾಸದಲ್ಲಿ ಮಲೆನಾಡಿನವರಿಗೆ ಭೂಮಿ ಹುಣ್ಣಿಮೆ, ಉತ್ತರ ಕರ್ನಾಟಕದವರಿಗೆ ಸೀಗಿ ಹುಣ್ಣಿಮೆ. ಹೊಡೆ ತುಂಬಿದ ಗದ್ದೆಯನ್ನು ಬಸುರಿ ಎಂದೇ ಭಾವಿಸಿ ಬಯಕೆಯ ಊಟ ಬಡಿಸುವುದು ಮಲೆನಾಡಿನ ಕ್ರಮ; ಸಾಗರ, ಸೊರಬದ ಕಡೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ನಸುಕಿನಲ್ಲೇ ಗದ್ದೆಗೆ ಹೋಗುತ್ತಾರೆ. ಬಯಲುಸೀಮೆಯಲ್ಲಿ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಚೀನೀ ಪಂಚಾಂಗದ ಎಂಟನೆಯ ಹುಣ್ಣಿಮೆ ಹೆಚ್ಚಿನ ವರ್ಷಗಳಲ್ಲಿ ನಮ್ಮ ಭಾದ್ರಪದದ ಹುಣ್ಣಿಮೆಗೆ ಸರಿಹೊಂದುತ್ತದೆ, ಅಂದರೆ ಭೂಮಿ ಹುಣ್ಣಿಮೆಗಿಂತ ಒಂದು ತಿಂಗಳು ಮೊದಲು. ಎರಡೂ ಪಂಚಾಂಗಗಳು ಅಧಿಕ ಮಾಸ ಸೇರಿಸುತ್ತವೆ, ಆದರೆ ಯಾವಾಗಲೂ ಒಂದೇ ವರ್ಷದಲ್ಲಲ್ಲ. 2025ರಲ್ಲಿ ಚೀನೀ ಪಂಚಾಂಗಕ್ಕೆ ಆರನೆಯ ತಿಂಗಳು ಎರಡು ಸಲ ಬಂತು; ನಮಗೆ ಆ ವರ್ಷ ಅಧಿಕ ಮಾಸ ಇರಲಿಲ್ಲ. ಹೀಗಾಗಿ ಅಕ್ಟೋಬರ್ 6ರ ರಾತ್ರಿ ಸೋಲ್ ಮತ್ತು ಬೀಜಿಂಗ್‌ನ ಹಬ್ಬದ ಚಂದ್ರನೂ ಮಲೆನಾಡಿನ ಆಶ್ವಯುಜ ಹುಣ್ಣಿಮೆಯ ಚಂದ್ರನೂ ಒಂದೇ ಆದವು.

ಚೀನಾದಲ್ಲಿ ಈ ಹಬ್ಬಕ್ಕೆ ಝೊಂಗ್‌ಚಿಯು ಎನ್ನುತ್ತಾರೆ, ಶರತ್ಕಾಲದ ನಡುದಿನ. ಹಿಂದಿನ ಅರಸರು ಶರತ್ಕಾಲದಲ್ಲಿ ಚಂದ್ರನಿಗೆ ಪೂಜೆ ಸಲ್ಲಿಸುತ್ತಿದ್ದರು. ತಾಂಗ್ ವಂಶದ ಕಾಲದ ಕವಿಗಳು ಆ ರಾತ್ರಿಯನ್ನು ಕಾವ್ಯದ ವಸ್ತು ಮಾಡಿಕೊಂಡರು. ಮುಂದೆ ಸೊಂಗ್ ವಂಶದ ಹೊತ್ತಿಗೆ ಅದು ಪೇಟೆಯ ಜನಸಾಮಾನ್ಯರ ಹಬ್ಬವೂ ಆಯಿತು. 1076ರಲ್ಲಿ ಕವಿ, ಅಧಿಕಾರಿ ಸು ಶಿ ದೂರದೂರಿಗೆ ವರ್ಗವಾಗಿ ಹೋಗಿದ್ದಾಗ, ವರ್ಷಗಳಿಂದ ಮುಖ ಕಾಣದ ತಮ್ಮನನ್ನು ನೆನೆದು ಈ ಹುಣ್ಣಿಮೆಯಂದು ಬರೆದ ಪದ್ಯವನ್ನು ಚೀನೀ ಮಕ್ಕಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಅಗಲಿದವರು ಒಂದೇ ಚಂದ್ರನನ್ನು ನೋಡುವುದು, ಸಾಧ್ಯವಾದರೆ ಒಂದೇ ಮೇಜಿಗೆ ಬಂದು ಕೂರುವುದು: ಚೀನಾದ ಹಬ್ಬದ ಒಳತಿರುಳು ಇದು. ಸುಗ್ಗಿ, ಗದ್ದೆ ಎಲ್ಲ ಹಿನ್ನೆಲೆಗೆ ಸರಿದಿವೆ.

ಹಬ್ಬದ ಸಿಹಿ ಯುಯೆಬಿಂಗ್, ಹೊರಗಿನವರ ಬಾಯಲ್ಲಿ ಮೂನ್‌ಕೇಕ್. ಅಂಗೈಯಷ್ಟು ಅಗಲದ ದಪ್ಪ ಬಿಲ್ಲೆ. ಮೇಲೆ ಅಚ್ಚೊತ್ತಿದ ಅಕ್ಷರ, ಒಳಗೆ ತಾವರೆ ಬೀಜದ ಹೂರಣ, ನಟ್ಟನಡುವೆ ಉಪ್ಪಿನಲ್ಲಿ ನೆನೆಸಿದ ಬಾತುಕೋಳಿ ಮೊಟ್ಟೆಯ ಹಳದಿ. ಇದು ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತದ ಶೈಲಿ. ಸುಝೌನಲ್ಲಿ ಪದರು ಪದರಾಗಿ ಉದುರುವ ಹೊರಕವಚ, ಯುನ್ನಾನ್‌ನಲ್ಲಿ ಸಿಹಿಯ ಜೊತೆಗೆ ಒಣಗಿಸಿದ ಹಂದಿ ಮಾಂಸ. ಮಂಗೋಲರ ಆಳ್ವಿಕೆಯ ವಿರುದ್ಧ ದಂಗೆಯೇಳುವ ಸಂದೇಶವನ್ನು ಈ ಸಿಹಿಯೊಳಗೆ ಚೀಟಿ ಬರೆದು ಹಂಚಿದರೆಂಬ ಕಥೆ ಮನೆಮಾತು. ಇತಿಹಾಸಕಾರರು ಅದನ್ನು ದಂತಕಥೆ ಎಂದೇ ಬದಿಗಿಟ್ಟಿದ್ದಾರೆ.

ಮಾವೊ ಕಾಲದಲ್ಲಿ, ಅದರಲ್ಲೂ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ, ಹಳೆಯ ಪೂಜೆ ಪುನಸ್ಕಾರಗಳ ಮೇಲೆ ಸರ್ಕಾರದ ಕೆಂಗಣ್ಣು ಬಿದ್ದಿತ್ತು. ಚಂದ್ರಪೂಜೆ ಮನೆಯೊಳಗೆ ಸೇರಿತು, ಇಲ್ಲವೇ ನಿಂತೇಹೋಯಿತು. ಹಬ್ಬಕ್ಕೆ ಸಾರ್ವಜನಿಕ ರಜೆ ಸಿಕ್ಕಿದ್ದು 2008ರಲ್ಲಿ. ಅದಕ್ಕೊಂದು ಹಿನ್ನೆಲೆಯಿದೆ. 2005ರಲ್ಲಿ ದಕ್ಷಿಣ ಕೊರಿಯಾದ ಗಾಂಗ್ನುಂಗ್ ಡಾನೊ ಹಬ್ಬಕ್ಕೆ ಯುನೆಸ್ಕೊ ಮನ್ನಣೆ ದೊರೆಯಿತು. ಅದು ಚೀನಾದ ಡ್ರ್ಯಾಗನ್ ದೋಣಿ ಹಬ್ಬದ ದಿನವೇ ಬರುವ ಹಬ್ಬ. ನಮ್ಮ ಹಬ್ಬವನ್ನು ನೆರೆಯವರು ಹೊತ್ತೊಯ್ದರು ಎಂದು ಚೀನಾದಲ್ಲಿ ಗುಲ್ಲೆದ್ದಿತು. ಮರುವರ್ಷ ಸರ್ಕಾರ ಶರತ್ಕಾಲದ ಹುಣ್ಣಿಮೆಯನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. 2007ರ ಕೊನೆಗೆ ಮೇ ದಿನದ ಮೂರು ದಿನಗಳ ರಜೆಯನ್ನು ಒಂದಕ್ಕೆ ಇಳಿಸಿ, ಉಳಿದ ದಿನಗಳನ್ನು ಹಳೆಯ ಹಬ್ಬಗಳಿಗೆ ಹಂಚಿತು. ಕಮ್ಯುನಿಸ್ಟ್ ಸರ್ಕಾರವೊಂದು ಕಾರ್ಮಿಕರ ದಿನದಿಂದ ರಜೆ ಕಿತ್ತು ಚಂದ್ರನಿಗೆ ಕೊಟ್ಟಿದ್ದು ಹೀಗೆ.

ರಜೆ ಬಂದ ಮೇಲೆ ಮಾರುಕಟ್ಟೆಯೂ ಕೊಬ್ಬಿತು. ಮೂನ್‌ಕೇಕ್ ತಿನ್ನುವ ವಸ್ತುವಿಗಿಂತ ಕೊಡುವ ವಸ್ತುವಾಯಿತು. ಕಂಪನಿಗಳು ಗ್ರಾಹಕರಿಗೆ, ಗುತ್ತಿಗೆದಾರರು ಅಧಿಕಾರಿಗಳಿಗೆ ಡಬ್ಬಿ ಕಳಿಸುವುದು ವಾಡಿಕೆ. ಡಬ್ಬಿಯೊಳಗೆ ಸಿಹಿಗಿಂತ ಬೆಲೆಬಾಳುವ ವಸ್ತುಗಳೂ ಸೇರಿಕೊಂಡವು. 2013ರಲ್ಲಿ ಪಕ್ಷದ ಶಿಸ್ತು ಸಮಿತಿ ಸರ್ಕಾರಿ ಹಣದಲ್ಲಿ ಮೂನ್‌ಕೇಕ್ ಕೊಳ್ಳುವುದನ್ನೇ ನಿಷೇಧಿಸಿತು. 2022ರಲ್ಲಿ 500 ಯುವಾನ್‌ಗಿಂತ ದುಬಾರಿ ಡಬ್ಬಿಗಳ ಮೇಲೆ ಕಣ್ಣಿಡುವುದಾಗಿ ಸರ್ಕಾರ ಸಾರಿತು. ಪ್ಯಾಕಿಂಗ್ ಎಷ್ಟು ಪದರು ಇರಬಹುದೆಂಬುದಕ್ಕೂ ಮಿತಿ ಬಂತು. 2016ರಲ್ಲಿ ಆಲಿಬಾಬಾ ಕಂಪನಿಯ ಕೆಲವು ಎಂಜಿನಿಯರ್‌ಗಳು, ಸಿಬ್ಬಂದಿಗೆಂದು ಕಂಪನಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದ ಮೂನ್‌ಕೇಕ್ ಡಬ್ಬಿಗಳನ್ನು ಪ್ರೋಗ್ರಾಂ ಬರೆದು ನೂರಕ್ಕೂ ಮಿಕ್ಕಿ ಬಾಚಿಕೊಂಡರು. ಕಂಪನಿ ಅವರನ್ನು ಕೆಲಸದಿಂದಲೇ ತೆಗೆಯಿತು. ಇಷ್ಟಾಗಿಯೂ ತನಗೆ ಮೂನ್‌ಕೇಕ್ ಅಷ್ಟೇನೂ ಇಷ್ಟವಿಲ್ಲ ಎನ್ನುವ ಚೀನೀಯರು ಬೇಕಾದಷ್ಟು ಸಿಗುತ್ತಾರೆ.

ಅದೇ ಭಾಷೆ, ಅದೇ ಪಂಚಾಂಗವಿರುವ ಹಾಂಗ್‌ಕಾಂಗ್ ಮತ್ತು ತೈವಾನ್‌ಗಳಲ್ಲೂ ಹಬ್ಬ ತನ್ನ ದಾರಿ ಹಿಡಿದಿದೆ. ಹಾಂಗ್‌ಕಾಂಗ್‌ನಲ್ಲಿ ರಜೆ ಇರುವುದು ಹಬ್ಬದ ಮರುದಿನ, ಬೆಳದಿಂಗಳಲ್ಲಿ ತಡರಾತ್ರಿವರೆಗೆ ಕೂತವರು ಬೆಳಗ್ಗೆ ಮಲಗಲಿ ಎಂಬಂತೆ. ಅಲ್ಲಿನ ಟಾಯ್ ಹಾಂಗ್ ಬಡಾವಣೆಯಲ್ಲಿ ಸಾವಿರಾರು ಊದುಬತ್ತಿ ಸಿಕ್ಕಿಸಿದ 67 ಮೀಟರ್ ಉದ್ದದ ಹುಲ್ಲಿನ ಡ್ರ್ಯಾಗನ್ ಕುಣಿಯುತ್ತದೆ. 1880ರಲ್ಲಿ ಊರಿಗೆ ಬಂದ ಸಾಂಕ್ರಾಮಿಕ ರೋಗವನ್ನು ಓಡಿಸಲು ಶುರುವಾದ ಕುಣಿತ ಅದು. ತೈವಾನಿನಲ್ಲಿ ಹಬ್ಬವೆಂದರೆ ಬಯಲಲ್ಲಿ ಕೆಂಡದ ಮೇಲೆ ಮಾಂಸ ಸುಡುವುದು. ಇದು ಶುರುವಾಗಿದ್ದು 1980ರ ದಶಕದಲ್ಲಿ, ಸಾಸ್ ತಯಾರಿಸುವ ಕಂಪನಿಗಳ ಟಿವಿ ಜಾಹೀರಾತಿನ ಪ್ರಭಾವದಿಂದ ಎನ್ನುತ್ತಾರೆ. ಚಕ್ಕೋತ ಹಣ್ಣು ಸುಲಿದು, ಸಿಪ್ಪೆಯನ್ನು ಟೋಪಿಯಂತೆ ಮಕ್ಕಳ ತಲೆಗೆ ತೊಡಿಸುವುದೂ ಅಲ್ಲಿನ ಮೋಜು.

ಕೊರಿಯಾಕ್ಕೆ ಬಂದರೆ ಹಬ್ಬದ ದಿಕ್ಕು ಬದಲಾಗುತ್ತದೆ. ಚೀನೀಯರು ರಾತ್ರಿ ತಲೆಯೆತ್ತಿ ಚಂದ್ರನನ್ನು ನೋಡಿದರೆ, ಕೊರಿಯನ್ನರು ಬೆಳಗ್ಗೆ ತಲೆಬಾಗಿ ಹಿರಿಯರನ್ನು ನೆನೆಯುತ್ತಾರೆ. ಅಲ್ಲಿ ಈ ಹಬ್ಬದ ದಾಖಲೆಯೂ ಹಳೆಯದು. 1145ರಲ್ಲಿ ಕಿಮ್ ಬು-ಸಿಕ್ ಸಂಕಲಿಸಿದ ‘ಸಾಮ್ಗುಕ್ ಸಾಗಿ’ ಎಂಬ ಚರಿತ್ರೆಯ ಪ್ರಕಾರ, ಮೊದಲ ಶತಮಾನದಲ್ಲಿ ಸಿಲ್ಲಾ ರಾಜ್ಯದ ಅರಸ ಯೂರಿ ರಾಜಧಾನಿಯ ಹೆಂಗಸರನ್ನು ಎರಡು ಪಂಗಡ ಮಾಡಿ ಒಂದು ತಿಂಗಳು ನೇಯ್ಗೆಯ ಪಂದ್ಯ ಇಡುತ್ತಿದ್ದ. ಎಂಟನೆಯ ತಿಂಗಳ ಹುಣ್ಣಿಮೆಯಂದು ಫಲಿತಾಂಶ. ಸೋತವರು ಗೆದ್ದವರಿಗೆ ಊಟ ಹಾಕಬೇಕು, ಆಮೇಲೆ ಹಾಡು, ಕುಣಿತ.

ಇಂದಿನ ಚುಸೊಕ್‌ನ ಸಿದ್ಧತೆ ಕೆಲವು ವಾರ ಮೊದಲೇ ಶುರು. ಗುಡ್ಡದ ಮೇಲಿನ ಸಮಾಧಿಗಳ ಸುತ್ತ ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲನ್ನು ಕೊಯ್ದು ಚೊಕ್ಕಟ ಮಾಡಬೇಕು. ಈ ಕೆಲಸಕ್ಕೆ ಬೊಲ್ಚೊ ಎಂದು ಹೆಸರು. ಮೊದಲು ಗಂಡುಮಕ್ಕಳೆಲ್ಲ ಸೇರಿ ಮಾಡುತ್ತಿದ್ದರು, ಈಗ ಹಣ ಕೊಟ್ಟು ಏಜೆನ್ಸಿಗಳಿಗೆ ಒಪ್ಪಿಸುವವರೂ ಇದ್ದಾರೆ. ಹಬ್ಬದ ಬೆಳಗ್ಗೆ ಹೊಸ ಅಕ್ಕಿಯ ಅನ್ನ, ಹೊಸ ಅಕ್ಕಿಯ ಮದ್ಯ, ಹಣ್ಣು, ಮೀನು, ಪಲ್ಯಗಳನ್ನು ಮೇಜಿನ ಮೇಲೆ ಕ್ರಮವಾಗಿ ಜೋಡಿಸಿ ಹಿರಿಯರಿಗೆ ಎಡೆಯಿಡುತ್ತಾರೆ. ಬಳಿಕ ಮನೆಮಂದಿಯೆಲ್ಲ ಸಮಾಧಿಗೆ ಹೋಗಿ ಅಡ್ಡಬೀಳುತ್ತಾರೆ. ಪಿತೃಪಕ್ಷ ಮತ್ತು ಸುಗ್ಗಿ ಒಂದೇ ದಿನ ಬಂದರೆ ಹೇಗಿರುತ್ತದೋ ಹಾಗೆ. ಹಬ್ಬದ ತಿನಿಸು ಸೊಂಗ್‌ಪ್ಯೊನ್ ಎಂಬ ಅರ್ಧಚಂದ್ರಾಕಾರದ ಪುಟ್ಟ ಕಡುಬು. ಹೊಸ ಅಕ್ಕಿಯ ಹಿಟ್ಟಿನೊಳಗೆ ಎಳ್ಳು, ಸಿಹಿ, ಅವರೆಯ ಜಾತಿಯ ಕಾಳು ಅಥವಾ ಚೆಸ್ಟ್‌ನಟ್ ತುಂಬಿ, ಪೈನ್ ಮರದ ಸೂಜಿ ಎಲೆಗಳ ಮೇಲಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಅಂದವಾಗಿ ಕಡುಬು ಮಡಿಸಿದವಳಿಗೆ ಅಂದದ ಮಗಳು ಹುಟ್ಟುತ್ತಾಳೆ ಎಂಬ ಮಾತಿದೆ.

ಮಡಿಸುವವರು ಯಾರು, ಹಬೆಗಿಡುವವರು ಯಾರು ಎಂಬ ಪ್ರಶ್ನೆಯೇ ಈಗ ಕೊರಿಯಾದ ಮನೆಗಳಲ್ಲಿ ಜಗಳದ ವಸ್ತು. ಗಂಡನ ಮನೆಯ ಹಿರಿಯರಿಗೆ ಎಡೆ. ಅಡುಗೆ ಮಾತ್ರ ಸೊಸೆಯದು. ಹಬ್ಬ ಮುಗಿದ ಮೇಲೆ ಹೆಂಗಸರನ್ನು ಕಾಡುವ ಮೈಕೈ ನೋವು, ತಲೆನೋವು, ಸಿಡುಕುಗಳಿಗೆ ಕೊರಿಯನ್ನರು ಕಾಯಿಲೆಯ ಹೆಸರನ್ನೇ ಇಟ್ಟಿದ್ದಾರೆ, ಹಬ್ಬದ ಸಿಂಡ್ರೋಮ್ ಎಂದು. 2022ರ ಸೆಪ್ಟೆಂಬರಿನಲ್ಲಿ ಕನ್‌ಫ್ಯೂಷಿಯನ್ ವಿಧಿಗಳ ಮೇಲಿನ ಹಿರಿಯ ಸಂಸ್ಥೆಯಾದ ಸುಂಗ್‌ಕ್ಯುನ್‌ಕ್ವಾನ್ ಒಂದು ಪ್ರಕಟಣೆ ಹೊರಡಿಸಿತು: ಎಡೆಗೆ ಎಣ್ಣೆಯಲ್ಲಿ ಕರಿದ ತಿನಿಸು ಬೇಕಾಗಿಲ್ಲ, ಒಂಬತ್ತು ಬಗೆ ಇದ್ದರೆ ಸಾಕು. ಶಾಸ್ತ್ರ ಹೇಳುವವರೇ ಶಾಸ್ತ್ರ ಸಡಿಲಿಸಿದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಅಷ್ಟರಲ್ಲಾಗಲೇ ಎಡೆಯ ಗೋಜಿಗೆ ಹೋಗದೆ, ಮೂರು ದಿನದ ರಜೆಯಲ್ಲಿ ವಿಮಾನ ಹತ್ತಿ ಜಪಾನ್, ವಿಯೆಟ್ನಾಂ ಕಡೆ ಪ್ರವಾಸ ಹೋಗುವವರ ಸಾಲು ಇಂಚೆಯಾನ್ ನಿಲ್ದಾಣದಲ್ಲಿ ಬೆಳೆದಿತ್ತು.

ಈ ಮೂರು ದಿನದ ರಜೆಯೂ ಅನಾದಿಯಲ್ಲ. 1949ರಲ್ಲಿ ಹೊಸ ಗಣರಾಜ್ಯ ಚುಸೊಕ್‌ಗೆ ಒಂದು ದಿನ ಕೊಟ್ಟಿತ್ತು. 1986ರಲ್ಲಿ ಎರಡು, 1989ರಲ್ಲಿ ಮೂರು ದಿನವಾಯಿತು. ಕಾರ್ಖಾನೆಗಳ ಕೆಲಸಕ್ಕೆಂದು ಹಳ್ಳಿಗಳು ಖಾಲಿಯಾಗಿ ಸೋಲ್ ಉಬ್ಬಿದ ಕಾಲ ಅದು. ಹಳ್ಳಿಯಲ್ಲೇ ಇದ್ದವರಿಗೆ ಊರಿಗೆ ಹೋಗುವ ಹಬ್ಬ ಬೇಕಿರಲಿಲ್ಲ. ನಗರ ಸೇರಿದವರಿಗೆ ಬೇಕಾಯಿತು. 2017ರ ಚುಸೊಕ್‌ನಿಂದ ಹಬ್ಬದ ದಿನಗಳಲ್ಲಿ ಹೆದ್ದಾರಿಯ ಟೋಲ್ ಕೂಡ ಮನ್ನಾ ಆಗುತ್ತಿದೆ, ಕೋವಿಡ್ ಕಾಲದಲ್ಲಿ ಮಾತ್ರ ತಡೆ ಬಿದ್ದಿತ್ತು. ಉಡುಗೊರೆಯ ವಿಷಯದಲ್ಲೂ ಇತಿಹಾಸದ ಗುರುತಿದೆ. ಚುಸೊಕ್ ಬಂತೆಂದರೆ ಅಂಗಡಿಗಳಲ್ಲಿ ಸ್ಪಾಮ್ ಡಬ್ಬಿಗಳ ಗಿಫ್ಟ್ ಸೆಟ್ ಸಾಲುಗಟ್ಟುತ್ತವೆ. ಡಬ್ಬಿಯಲ್ಲಿ ತುಂಬಿದ ಈ ಹಂದಿ ಮಾಂಸ ಕೊರಿಯಾಕ್ಕೆ ಬಂದಿದ್ದು ಅಮೆರಿಕದ ಸೈನಿಕರ ಜೊತೆ, ಕೊರಿಯಾ ಯುದ್ಧದ ಹಸಿವಿನ ದಿನಗಳಲ್ಲಿ. ಆಗ ಅದು ದುರ್ಲಭ ವಸ್ತುವಾಗಿತ್ತು, ಈಗ ಮಾವನ ಮನೆಗೆ ಒಯ್ಯುವ ಮರ್ಯಾದೆಯ ಕೊಡುಗೆ.

ನೈಋತ್ಯದ ಜೊಲ್ಲಾ ಕರಾವಳಿಯ ಹೆಂಗಸರು ಮಾತ್ರ ಹಿಂದೆ ಈ ರಾತ್ರಿಯನ್ನು ತಮ್ಮದಾಗಿ ಮಾಡಿಕೊಂಡಿದ್ದರು. ಹತ್ತಾರು ಮಂದಿ ಕೈಕೈ ಹಿಡಿದು ವೃತ್ತವಾಗಿ ನಿಂತು, ಒಬ್ಬಳು ಹೇಳಿದ ಸೊಲ್ಲಿಗೆ ಉಳಿದವರು ದನಿಗೂಡಿಸುತ್ತ, ನಿಧಾನವಾಗಿ ಶುರುವಾಗಿ ಓಟವೇ ಆಗುವ ಕುಣಿತ ಗಾಂಗ್‌ಗಾಂಗ್‌ಸುಲ್ಲೆ. ಹೆಣ್ಣುಮಕ್ಕಳು ರಾತ್ರಿ ಹೊತ್ತು ಹೊರಗೆ ಹಾಡಿ ಕುಣಿಯಲು ಬಿಡದ ಸಮಾಜದಲ್ಲಿ ಹಬ್ಬದ ಬೆಳದಿಂಗಳು ಕೊಟ್ಟ ಬಿಡುವು ಅದು. 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ಸೋಲ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಒಂದು ತಾಸು ಹೋದರೆ ಇಮ್ಜಿನ್‌ಗಾಕ್. ಅದರಾಚೆ ಮುಳ್ಳುತಂತಿ, ಅದರಾಚೆ ಉತ್ತರ ಕೊರಿಯಾ. ಇಲ್ಲಿ 1985ರಲ್ಲಿ ಮಾಂಗ್‌ಬೆದಾನ್ ಎಂಬ ಕಲ್ಲಿನ ವೇದಿಕೆ ಕಟ್ಟಿದ್ದಾರೆ. ಯುದ್ಧದಲ್ಲಿ ಉತ್ತರದಿಂದ ಓಡಿಬಂದು ಮತ್ತೆ ಹಿಂದಿರುಗಲಾಗದವರು ಚುಸೊಕ್‌ನಂದು ಬಂದು ಉತ್ತರದ ದಿಕ್ಕಿಗೆ ಎಡೆಯಿಟ್ಟು ನಮಸ್ಕರಿಸುತ್ತಾರೆ. ಅವರ ಹಿರಿಯರ ಸಮಾಧಿಗಳೆಲ್ಲ ಗಡಿಯಾಚೆ ಉಳಿದಿವೆ. ಎರಡೂ ಸರ್ಕಾರಗಳು ಏರ್ಪಡಿಸುತ್ತಿದ್ದ ಅಗಲಿದ ಕುಟುಂಬಗಳ ಭೇಟಿ 2009ರಲ್ಲಿ ಚುಸೊಕ್ ಸಮಯಕ್ಕೇ ನಡೆದಿತ್ತು. ಕೊನೆಯ ಭೇಟಿ ನಡೆದದ್ದು 2018ರ ಆಗಸ್ಟ್‌ನಲ್ಲಿ.

ಗಡಿಯಾಚೆಯ ಹಬ್ಬ ಸಣ್ಣದು. 1960ರ ದಶಕದ ಕೊನೆಯಲ್ಲಿ ಕಿಮ್ ಇಲ್-ಸುಂಗ್ ಸರ್ಕಾರ ಚಾಂದ್ರಮಾನದ ಹಬ್ಬಗಳನ್ನು ಊಳಿಗಮಾನ್ಯ ಕಾಲದ ಪಳೆಯುಳಿಕೆ ಎಂದು ತೆಗೆದುಹಾಕಿತ್ತು. ಸಮಾಧಿ ನೋಡಲು ಹೋಗುವುದಕ್ಕೆ 1970ರ ದಶಕದಲ್ಲಿ ಮತ್ತೆ ಅವಕಾಶವಾಯಿತು. 1988ರಲ್ಲಿ ಚುಸೊಕ್ ಪುನಃ ರಜೆಯ ದಿನವಾಯಿತು, ಅದೂ ಒಂದೇ ದಿನ. ದಕ್ಷಿಣದಂತೆ ಊರಿಗೆ ಊರೇ ಚಲಿಸುವ ಮಾತಿಲ್ಲ: ಸ್ವಂತ ಕಾರು ಅಪರೂಪ, ಜಿಲ್ಲೆ ದಾಟಲು ಪರವಾನಗಿ ಬೇಕು. ಹಬ್ಬದ ಅಧಿಕೃತ ಮುಖ ಕಾಣುವುದು ಪ್ಯೊಂಗ್‌ಯಾಂಗ್‌ನ ಟೆಸೊಂಗ್ ಗುಡ್ಡದ ಕ್ರಾಂತಿಕಾರಿ ಹುತಾತ್ಮರ ಸಮಾಧಿಯಲ್ಲಿ. ಅಧಿಕಾರಿಗಳು ಅಲ್ಲಿ ಹೂಗುಚ್ಛ ಇಡುತ್ತಾರೆ; ಸ್ವಂತ ಅಜ್ಜನಿಗೆ ಮುಂಚೆ ರಾಷ್ಟ್ರದ ಹಿರಿಯರಿಗೆ ಮರ್ಯಾದೆ. ಜನ ಮೆಚ್ಚುವುದು ಹಬ್ಬದ ಆಸುಪಾಸಿನಲ್ಲಿ ನಡೆಯುವ ಕುಸ್ತಿ ಪಂದ್ಯವನ್ನು. ಗೆದ್ದವನಿಗೆ ಬಹುಮಾನ ಒಂದು ದೊಡ್ಡ ಹೋರಿ. ಸಿರುಮ್ ಎಂಬ ಈ ಕುಸ್ತಿಯನ್ನು ಎರಡೂ ಕೊರಿಯಾಗಳು ಬೇರೆ ಬೇರೆಯಾಗಿ ಯುನೆಸ್ಕೊಗೆ ಸಲ್ಲಿಸಿದ್ದವು. 2018ರ ನವೆಂಬರಿನಲ್ಲಿ ಅದು ಇಬ್ಬರ ಹೆಸರಿನಲ್ಲೂ ಒಟ್ಟಿಗೆ ಪಟ್ಟಿಗೆ ಸೇರಿತು. ಅವೆರಡೂ ಜಂಟಿಯಾಗಿ ಪಡೆದ ಮೊದಲ ಮನ್ನಣೆ ಅದು.

ವಿಯೆಟ್ನಾಮಿನಲ್ಲಿ ಸಮಾಧಿಯೂ ಇಲ್ಲ, ಟ್ರಾಫಿಕ್ಕೂ ಇಲ್ಲ. ತೆತ್ ಟ್ರುಂಗ್ ಥು ಅಲ್ಲಿ ಮಕ್ಕಳ ಹಬ್ಬ. ಕೆಂಪು ನದಿಯ ಬಯಲಿನಲ್ಲಿ ನಾಟಿ, ಕಳೆ ಕೀಳುವುದು ಮುಗಿದು ಕೊಯ್ಲು ಇನ್ನೂ ಬಾರದ ಬಿಡುವಿನ ಕಾಲ ಇದು. ತಿಂಗಳುಗಟ್ಟಲೆ ಗದ್ದೆಯಲ್ಲೇ ಇದ್ದ ತಂದೆತಾಯಿ ಈಗ ಮಕ್ಕಳಿಗೆ ಸಿಗುತ್ತಾರೆ. ಹನೋಯಿಯ ಹಾಂಗ್ ಮಾ ಬೀದಿ ಹಬ್ಬಕ್ಕೆ ಮೊದಲೇ ಬಣ್ಣದ ಕಾಗದ, ಮುಖವಾಡ, ತಮಟೆಗಳಿಂದ ತುಂಬಿಹೋಗುತ್ತದೆ. ಬಿದಿರಿನ ಕಡ್ಡಿ ಕಟ್ಟಿ ಕೆಂಪು ಹಾಳೆ ಅಂಟಿಸಿದ ಐದು ಮೂಲೆಯ ನಕ್ಷತ್ರದೀಪ ಎಲ್ಲರ ಕೈಯಲ್ಲಿ. ಒಳಗಿನ ದೀಪದ ಬಿಸಿಗಾಳಿಗೆ ತಾನೇ ತಿರುಗುತ್ತ ಗೋಡೆಯ ಮೇಲೆ ಸೈನಿಕರ ನೆರಳಿನ ಮೆರವಣಿಗೆ ಮೂಡಿಸುವ ದೀಪ ಇನ್ನೊಂದು ಬಗೆ. ನಮ್ಮ ಚಕ್ಕೋತ ಇಲ್ಲೂ ಹಾಜರು: ತೊಳೆಗಳನ್ನು ಬಿಡಿಸಿ ಜೋಡಿಸಿ ಬಿಳಿಯ ನಾಯಿಮರಿ ಮಾಡುತ್ತಾರೆ. ಚಂದ್ರ ನೆತ್ತಿಗೆ ಬಂದಾಗ ಹಿರಿಯರು ಅಪ್ಪಣೆ ಕೊಡುತ್ತಾರೆ, ಮಕ್ಕಳು ಆ ತಟ್ಟೆಯ ಮೇಲೆ ಮುಗಿಬೀಳುತ್ತಾರೆ. ಸಿಹಿಯಲ್ಲಿ ಎರಡು ಬಗೆ. ಒಂದು ಬೇಯಿಸಿದ ಕಂದು ಬಿಲ್ಲೆ, ಇನ್ನೊಂದು ಹುರಿದ ಅಂಟಕ್ಕಿಯ ಹಿಟ್ಟನ್ನು ಸಕ್ಕರೆ ಪಾಕ, ಚಕ್ಕೋತದ ಹೂವಿನ ನೀರಿನಲ್ಲಿ ಕಲಸಿ ಅಚ್ಚಿಗೊತ್ತಿದ ಬಿಳಿ ಬಿಲ್ಲೆ.

ಈ ಹಬ್ಬ ಮಕ್ಕಳದೇ ಆಗಿ ಗಟ್ಟಿಗೊಳ್ಳುವುದರಲ್ಲೂ ರಾಜಕೀಯದ ಪಾಲಿದೆ. 1945ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ಸ್ವಾತಂತ್ರ್ಯ ಘೋಷಿಸಿದರು. ಅದೇ ತಿಂಗಳು ಬಂದ ಹುಣ್ಣಿಮೆಗೆ ದೇಶದ ಮಕ್ಕಳಿಗೆಲ್ಲ ಪತ್ರ ಬರೆದರು, ಹನೋಯಿಯ ಮಕ್ಕಳನ್ನು ಸರ್ಕಾರಿ ಭವನಕ್ಕೇ ಕರೆಸಿಕೊಂಡರು. ಮುಂದೆ ಫ್ರೆಂಚರ ಮೇಲಿನ ಯುದ್ಧದ ವರ್ಷಗಳಲ್ಲಿ, ಕಾಡಿನಲ್ಲಿದ್ದಾಗಲೂ ಹಬ್ಬದ ಪತ್ರ ಬರೆದರು. ಕೆಂಪು ನಕ್ಷತ್ರದೀಪಕ್ಕೆ ಹೊಸ ರಾಷ್ಟ್ರಧ್ವಜದ ಅರ್ಥವೂ ಕೂಡಿಕೊಂಡಿತು. ಆದರೂ ಹಬ್ಬಕ್ಕೆ ಸಾರ್ವಜನಿಕ ರಜೆಯಿಲ್ಲ. ಮಕ್ಕಳ ಹಬ್ಬ ಶಾಲೆ ಬಿಟ್ಟ ಮೇಲೆ ಶುರು. ಚೀನಾದಿಂದ ಬಂದ, ಬ್ಯಾಟರಿಯಲ್ಲಿ ಹಾಡುವ ಪ್ಲಾಸ್ಟಿಕ್ ದೀಪಗಳು ಒಂದು ಕಾಲಕ್ಕೆ ಕಾಗದದ ನಕ್ಷತ್ರವನ್ನು ಮೂಲೆಗೆ ತಳ್ಳಿದ್ದವು. ಈಚಿನ ವರ್ಷಗಳಲ್ಲಿ ಬಿದಿರು, ಕಾಗದದ ದೀಪ ಮರಳಿ ಬೇಡಿಕೆ ಪಡೆದಿದೆ.

ಜಪಾನಿನ ಕಥೆ ಎಲ್ಲಕ್ಕಿಂತ ವಿಚಿತ್ರ. 1872ರ ಕೊನೆಯಲ್ಲಿ ಮೇಜಿ ಸರ್ಕಾರ ಹಳೆಯ ಪಂಚಾಂಗವನ್ನು ರದ್ದುಮಾಡಿ, ಹನ್ನೆರಡನೆಯ ತಿಂಗಳ ಮೂರನೆಯ ದಿನವನ್ನೇ 1873ರ ಜನವರಿ 1 ಎಂದು ಸಾರಿತು. ಪಾಶ್ಚಾತ್ಯರಿಗೆ ಸರಿಸಮ ಆಗುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಆಗ ಸರ್ಕಾರದಲ್ಲಿದ್ದ ಓಕುಮಾ ಶಿಗೆನೊಬು ನಂತರ ಬಹಿರಂಗ ಮಾಡಿದ: ಬರಲಿದ್ದ ವರ್ಷದಲ್ಲಿ ಅಧಿಕ ಮಾಸವಿತ್ತು, ನೌಕರರಿಗೆ ಹದಿಮೂರು ಸಂಬಳ ಕೊಡಬೇಕಿತ್ತು, ಬೊಕ್ಕಸ ಬರಿದಾಗಿತ್ತು. ಪಂಚಾಂಗ ಬದಲಾಯಿಸಿ ಆ ಸಂಬಳ ಉಳಿಸಿದರು. ಹೊಸ ವರ್ಷ, ಏಳನೆಯ ತಿಂಗಳ ಏಳರ ತನಾಬಾತ, ಹಿರಿಯರನ್ನು ನೆನೆಯುವ ಒಬೊನ್ ಎಲ್ಲ ಇಂಗ್ಲಿಷ್ ತಾರೀಖಿಗೆ ಸ್ಥಳಾಂತರವಾದವು. ತ್ಸುಕಿಮಿ, ಅಂದರೆ ಚಂದ್ರದರ್ಶನ, ಮಾತ್ರ ಹಾಗೆ ಜಾಗ ಬದಲಿಸುವಂತಿರಲಿಲ್ಲ. ಆಗಸ್ಟ್ 15ರಂದು ಹುಣ್ಣಿಮೆ ಇರಲೇಬೇಕೆಂದು ಸರ್ಕಾರ ಆಜ್ಞೆ ಮಾಡಲಾಗದು. ಹೀಗೆ ಸರ್ಕಾರದ ಕ್ಯಾಲೆಂಡರಿನಿಂದ ಹೊರಗುಳಿದ ಈ ಹಬ್ಬ ರಜೆಯಿಲ್ಲದೆ, ಮೆರವಣಿಗೆಯಿಲ್ಲದೆ ಮನೆಯ ಕಿಟಕಿಯಲ್ಲಿ ಉಳಿದುಕೊಂಡಿತು.

ಹಬ್ಬದ ಕ್ರಮ ಸರಳ. ಸುಸುಕಿ ಎಂಬ ಉದ್ದನೆಯ ಬೆಳ್ಳಿ ತೆನೆಯ ಹುಲ್ಲನ್ನು ಹೂದಾನಿಯಲ್ಲಿಡುತ್ತಾರೆ. ಗದ್ದೆಯ ಭತ್ತ ಇನ್ನೂ ಕೈಗೆ ಬರದ ಕಾರಣ ತೆನೆಯ ಬದಲಿಗೆ ಈ ಹುಲ್ಲು ಎನ್ನುತ್ತಾರೆ. ಪಕ್ಕದಲ್ಲಿ ಅಕ್ಕಿ ಹಿಟ್ಟಿನ ಹದಿನೈದು ಬಿಳಿ ಉಂಡೆಗಳನ್ನು ಗೋಪುರದಂತೆ ಪೇರಿಸುತ್ತಾರೆ. ಕ್ಯೋಟೊ, ಒಸಾಕಾ ಕಡೆ ಉಂಡೆಯನ್ನು ಕೆಸುವಿನ ಗೆಡ್ಡೆಯ ಆಕಾರಕ್ಕೆ ತಂದು ಸಿಹಿ ಹೂರಣ ಹಚ್ಚುತ್ತಾರೆ. ಆ ಹೊತ್ತಿಗೆ ಅಗೆಯುವ ಹೊಸ ಬೆಳೆ ಕೆಸುವಿನ ಗೆಡ್ಡೆ, ಹುಣ್ಣಿಮೆಗೆ ಅದರ ಹೆಸರೂ ಇದೆ. ಕೊರಿಯನ್ನರು ಈ ಹಬ್ಬಕ್ಕೆ ಕೆಸುವಿನ ಗೆಡ್ಡೆಯ ಸೂಪ್ ಕುಡಿಯುವುದನ್ನು ಇದರ ಜೊತೆ ನೆನೆಯಬಹುದು. ಕೆಲವು ಊರುಗಳಲ್ಲಿ ಆ ರಾತ್ರಿ ಮಕ್ಕಳು ಮನೆಮನೆಯ ಉಂಡೆ ಕದಿಯಬಹುದು, ಯಾರೂ ಬೈಯುವಂತಿಲ್ಲ. ಕ್ಯೋಟೊದ ದೈಕಾಕುಜಿ ದೇಗುಲದ ಓಸಾವಾ ಕೊಳದಲ್ಲಿ ಹೆಯಾನ್ ಕಾಲದ ಶ್ರೀಮಂತರಂತೆ ದೋಣಿಯಲ್ಲಿ ಕೂತು ನೀರಿನ ಮೇಲಿನ ಚಂದ್ರನನ್ನು ನೋಡುವ ಕ್ರಮ ಈಗಲೂ ನಡೆದಿದೆ. ಸರ್ಕಾರ ಮರೆತದ್ದನ್ನು ವ್ಯಾಪಾರಿಗಳು ಮರೆಯಲಿಲ್ಲ. 1991ರಿಂದ ಜಪಾನಿನ ಮೆಕ್‌ಡೊನಾಲ್ಡ್ಸ್ ಪ್ರತಿ ಶರತ್ಕಾಲದಲ್ಲಿ ಮೊಟ್ಟೆಯಿಟ್ಟ ತ್ಸುಕಿಮಿ ಬರ್ಗರ್ ಮಾರುತ್ತಿದೆ; ಹುಣ್ಣಿಮೆಯ ಚಂದ್ರನ ಪಾತ್ರ ಮೊಟ್ಟೆಯದು.

ಹಾಗಾದರೆ ಜಪಾನೀಯರಿಗೆ ಸುಗ್ಗಿಯ ರಜೆಯೇ ಇಲ್ಲವೆ? ಇದೆ, ನವೆಂಬರ್ 23ರಂದು. ಹೊಸ ಅಕ್ಕಿಯನ್ನು ದೇವತೆಗಳಿಗೆ ಅರ್ಪಿಸಿ ಚಕ್ರವರ್ತಿ ತಾನೂ ಉಣ್ಣುವ ನೀನಾಮೆ ವಿಧಿಯ ದಿನ ಅದು. ಎರಡನೆಯ ಮಹಾಯುದ್ಧದಲ್ಲಿ ಸೋತ ಬಳಿಕ ಧರ್ಮ ಮತ್ತು ಸರ್ಕಾರ ಬೇರೆಯಾಗಬೇಕಾಯಿತು. 1948ರ ಕಾನೂನಿನಲ್ಲಿ ಅದೇ ದಿನವನ್ನು ಉಳಿಸಿಕೊಂಡು, ಶ್ರಮಕ್ಕೆ ಕೃತಜ್ಞತೆ ಸಲ್ಲಿಸುವ ದಿನ ಎಂದು ಹೆಸರು ಮಾತ್ರ ಬದಲಾಯಿಸಿದರು. ಅರಮನೆಯೊಳಗೆ ವಿಧಿ ಈಗಲೂ ಖಾಸಗಿಯಾಗಿ ನಡೆಯುತ್ತದೆ. ಅರಮನೆಯ ಆವರಣದ ಗದ್ದೆಯಲ್ಲಿ ಚಕ್ರವರ್ತಿ ಸ್ವತಃ ನಾಟಿ ಮಾಡುತ್ತಾನೆ, ಸ್ವತಃ ಕೊಯ್ಯುತ್ತಾನೆ.

ಸರ್ಕಾರಗಳ ಕೈಗೆ ಸಿಗದೆ ಎಲ್ಲ ಗಡಿ ದಾಟಿದ್ದು ಕಥೆಗಳು. ಚೀನಾದಲ್ಲಿ ಚಂದ್ರನ ಮೇಲಿನ ಮೊಲ ಔಷಧಿ ಕುಟ್ಟುತ್ತದೆ. ಕೊರಿಯಾ, ಜಪಾನ್‌ಗಳಲ್ಲಿ ಅದೇ ಮೊಲ ಅಕ್ಕಿ ಕುಟ್ಟುತ್ತದೆ. ವಿಯೆಟ್ನಾಮಿನವರಿಗೆ ಅಲ್ಲಿ ಕಾಣುವುದು ಆಲದ ಮರ ಮತ್ತು ಅದರ ಬೇರಿಗೆ ಜೋತು ಆಕಾಶಕ್ಕೆ ಹೋದ ಕುವೊಯಿ ಎಂಬಾತ. ಹಸಿದ ಅತಿಥಿಗೆ ತನ್ನನ್ನೇ ಉಣಿಸಲು ಬೆಂಕಿಗೆ ಹಾರಿದ ಮೊಲವನ್ನು ಇಂದ್ರ ಚಂದ್ರನ ಮೇಲೆ ಚಿತ್ರಿಸಿದ ಕಥೆ ಬೌದ್ಧ ಜಾತಕದಲ್ಲಿದೆ. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದು ಇಮ್ಮಡಿ ಪುಲಕೇಶಿಯ ರಾಜ್ಯದ ಬಗ್ಗೆಯೂ ಬರೆದ ಹ್ಯೂಯೆನ್‌ತ್ಸಾಂಗ್, ವಾರಾಣಸಿಯ ಬಳಿ ಈ ಮೊಲದ ನೆನಪಿನ ಸ್ತೂಪವನ್ನು ತನ್ನ ಗ್ರಂಥದಲ್ಲಿ ದಾಖಲಿಸಿದ. ಚೀನಾ 2007ರಲ್ಲಿ ಹಾರಿಸಿದ ಮೊದಲ ಚಂದ್ರನೌಕೆಗೆ ಹಬ್ಬದ ಚಂದ್ರದೇವತೆ ಚಾಂಗ್‌ಅ ಹೆಸರಿಟ್ಟಿತು. 2013ರಲ್ಲಿ ಚಂದ್ರನ ನೆಲದಲ್ಲಿ ಓಡಾಡಿದ ಅದರ ಗಾಡಿಯ ಹೆಸರು ಯುಟು, ಜೇಡ್ ಕಲ್ಲಿನ ಮೊಲ.

ಹಬ್ಬಗಳನ್ನು ಜನ ತಲೆಮಾರುಗಳಿಂದ ಹಾಗೇ ಉಳಿಸಿಕೊಂಡು ಬಂದಿದ್ದಾರೆ ಎಂಬ ಮಾತನ್ನು ಪೂರ್ವ ಏಷ್ಯಾದ ಈ ಹುಣ್ಣಿಮೆ ಪೂರ್ತಿಯಾಗಿ ಒಪ್ಪುವುದಿಲ್ಲ. ಜನ ಉಳಿಸಿದ್ದು ಕಡುಬು, ಉಂಡೆ, ಕೆಸುವಿನ ಗೆಡ್ಡೆ, ಮೊಲ. ಹಬ್ಬಕ್ಕೆ ಎಷ್ಟು ದಿನ, ಯಾರ ಜೊತೆ, ಎಲ್ಲಿ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಸರ್ಕಾರಗಳು. 2026ರಲ್ಲಿ ಎಂಟನೆಯ ತಿಂಗಳ ಹುಣ್ಣಿಮೆ ಸೆಪ್ಟೆಂಬರ್ 25ರ ಶುಕ್ರವಾರ. ಚೀನಾದಲ್ಲಿ ಶನಿವಾರ, ಭಾನುವಾರ ಸೇರಿ ಮೂರು ದಿನ ರಜೆ. ದಕ್ಷಿಣ ಕೊರಿಯಾದಲ್ಲಿ ಗುರುವಾರದಿಂದ ಶನಿವಾರದವರೆಗೆ. ಉತ್ತರ ಕೊರಿಯಾದಲ್ಲಿ ಒಂದು ದಿನ. ವಿಯೆಟ್ನಾಂ ಮತ್ತು ಜಪಾನ್‌ಗಳಲ್ಲಿ ಅದು ಕೆಲಸದ ದಿನ.